ಪಿಲ್ಲಗುಂಪೆಯ ಖಾಲಿ ರಸ್ತೆಯಲ್ಲಿ ಎರಡು ಕಾರು

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ದೊಡ್ಡಬಳ್ಳಾಪುರ ಬಿಟ್ಟೆವು. ತೊಂಬತ್ತೊಂಬತ್ತರ ಫೆಬ್ರವರಿಯ ಮಂಜು ಇನ್ನೂ ಕೆರೆಯ ಮೇಲೆ ಕೂತಿತ್ತು. ಕಾರು ನಮ್ಮದಲ್ಲ. ಅಕ್ಕನ ಬೀದಿಯ ನಿವೃತ್ತ ಎಂಜಿನಿಯರೊಬ್ಬರು ಮಾರಲು ಇಟ್ಟಿದ್ದ ಬಿಳಿ ಪೆಟ್ರೋಲ್ ಕಾರು. "ಒಂದಿನ ಓಡಿಸಿ ನೋಡಿ, ಸಂಜೆ ಆರರೊಳಗೆ ತಂದ್ಬಿಡಿ" ಎಂದು ಕೀ ಕೊಟ್ಟಿದ್ದರು. ಅದರಲ್ಲೇ ಹೊಸಕೋಟೆಗೆ ಹೋಗಿ, ಅಲ್ಲಿ ಮಾರಾಟಕ್ಕಿದ್ದ ಡೀಸೆಲ್ ಕಾರನ್ನು ನೋಡಿ, ಎರಡರಲ್ಲೊಂದನ್ನು ಆರಿಸಬೇಕಿತ್ತು. ಸ್ಕೂಲ್ ಮೇಷ್ಟ್ರಾದ ನಾನು ಓಡಿಸುತ್ತಿದ್ದೆ, ಭಾವ ಪಕ್ಕದಲ್ಲಿ, ಅಕ್ಕ ಹಿಂದಿನ ಸೀಟಿನಲ್ಲಿ. ಡಿಕ್ಕಿಯಲ್ಲಿ ನಾಲ್ಕು ಸೀರೆ ಗಂಟು. ಅವು ಮಾರುವುದಕ್ಕಲ್ಲ, ಜಾಗ ಅಳೆಯುವುದಕ್ಕೆ.

ಇದನ್ನು ಬರೆಯುತ್ತಿರುವುದು ಎರಡು ವರ್ಷದ ಮೇಲೆ. ಆ ದಿನದ ಡೈರಿ ಎದುರಿಗಿದೆ. ನೆನಪು ಒಂದು ಹೇಳಿ ಡೈರಿ ಇನ್ನೊಂದು ಹೇಳಿದ ಕಡೆ ಎರಡನ್ನೂ ಬರೆಯುತ್ತೇನೆ.

ಭಾವನ ಮನೆಯಲ್ಲಿ ಆರು ಪವರ್‌ಲೂಮ್ ಮಗ್ಗಗಳಿವೆ. ಹದಿನೆಂಟು ವರ್ಷ ಅವರು ವಾರಕ್ಕೆ ಎರಡು ಸಲ ಸ್ಕೂಟರಿನಲ್ಲಿ ಸೀರೆ ಗಂಟು ಕಟ್ಟಿಕೊಂಡು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿಬರುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಬ್ಬಾಗಿ, ಡಾಕ್ಟರು ಸ್ಕೂಟರ್ ಬಿಡಿಸಿದರು. ದಲ್ಲಾಳಿಗೆ ಒಪ್ಪಿಸಿದರೆ ಅವನು ಸೀರೆಗೆ ಇಷ್ಟೆಂದು ಮುರಿದುಕೊಳ್ಳುವುದಿರಲಿ, ಅಂಗಡಿಗಳ ಪರಿಚಯವೇ ಅವನ ಪಾಲಾಗುತ್ತದೆ. ಡ್ರೈವರ್ ಇಡುವಷ್ಟು ದೊಡ್ಡ ವ್ಯಾಪಾರವೂ ಅಲ್ಲ. ಹಾಗಾಗಿ ನಲವತ್ತೊಂದು ವರ್ಷದ ಅಕ್ಕ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಳು. ಹನ್ನೆರಡು ದಿನ ಆಗಿತ್ತು, ಕಲಿಯುವವರ ಲೈಸೆನ್ಸು, ಎಲ್ಎಲ್ಆರ್, ಕೈಗೆ ಬಂದಿತ್ತು. ಅವಳಿಗೆ ಕಾರು ಒಗ್ಗದಿದ್ದರೆ ಚಿಕ್ಕಪೇಟೆಯ ಆಸೆ ಬಿಡಬೇಕಿತ್ತು.

ದೇವನಹಳ್ಳಿಯಲ್ಲಿ ಇಡ್ಲಿ, ವಡೆ, ಕಾಫಿ. ಮೂವರಿಗೆ ಮೂವತ್ತು ರೂಪಾಯಿಯೊಳಗೆ ಮುಗಿಯಿತು. ಅಲ್ಲೇ ನಾನು ಹಿಂದಿನ ರಾತ್ರಿ ಬರೆದಿದ್ದ ಪಟ್ಟಿ ತೆಗೆದೆ. ಪೆಟ್ರೋಲ್ ಕಾರು ಎರಡು ಲಕ್ಷ ಇಪ್ಪತ್ತು ಸಾವಿರ, ಲೀಟರಿಗೆ ಹನ್ನೆರಡು ಕಿಲೋಮೀಟರು. ಡೀಸೆಲ್ಲಿನದು ಮೂವತ್ತು ಸಾವಿರ ಜಾಸ್ತಿ, ಆದರೆ ಹದಿನೈದು ಕೊಡುತ್ತದೆ. ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧಕ್ಕೂ ಕಡಿಮೆ.

"ಲೆಕ್ಕದಲ್ಲಿ ಡೀಸೆಲ್ಲೇ ಗೆಲ್ಲುತ್ತೆ ಭಾವ. ಆದ್ರೆ ಡೀಸೆಲ್ ಅಂದ್ರೆ ಕ್ಲಚ್ ಗಟ್ಟಿ, ಸದ್ದು ಜಾಸ್ತಿ. ಅಕ್ಕನಿಗೆ ಇದೇ ಸುಲಭ" ಎಂದೆ.

"ಅಕ್ಕನ್ನ ಕೇಳಿದ್ಯಾ?" ಎಂದಳು ಅಕ್ಕ, ಚಟ್ನಿಯಿಂದ ತಲೆ ಎತ್ತದೆ.

ಹೊರಟಾಗ ಭಾವ ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟರು. "ಸ್ಟಾರ್ಟ್ ಆಯ್ತೇನಪ್ಪಾ ಮೇಷ್ಟ್ರೇ?"

"ಆಗಿದೆ ಭಾವ."

"ಸದ್ದೇ ಇಲ್ವಲ್ಲ!"

ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ. ಮಗ್ಗದ ಮನೆಯಲ್ಲಿ ಸದ್ದು ನಿಂತರೆ ಒಂದೋ ಕರೆಂಟ್ ಹೋಗಿರುತ್ತದೆ, ಇಲ್ಲವೇ ನೂಲು ಕಿತ್ತಿರುತ್ತದೆ. ಅದು ಆಗ ನನಗೆ ಹೊಳೆಯಲಿಲ್ಲ.

ಸೂಲಿಬೆಲೆ ಮೇಲಿನ ದಾರಿ. ಅಲ್ಲಲ್ಲಿ ಡಾಂಬರು ಕಿತ್ತಿತ್ತು, ಎರಡೂ ಕಡೆ ದ್ರಾಕ್ಷಿ ಚಪ್ಪರ. ಐವತ್ತು ಚಿಲ್ಲರೆ ಕಿಲೋಮೀಟರು ಮುಗಿಸಿ ಹತ್ತಕ್ಕೆ ಹೊಸಕೋಟೆ ತಲುಪಿದೆವು. ಡೀಸೆಲ್ ಕಾರಿನ ಯಜಮಾನರದು ತರಕಾರಿ ಮಂಡಿ. ಕಾರಿನ ಬಣ್ಣ ನನ್ನ ನೆನಪಿನಲ್ಲಿ ಬೂದು. ಡೈರಿಯಲ್ಲಿ "ತಿಳಿ ಹಸಿರು" ಎಂದಿದೆ. ಡೈರಿ ಗೆಲ್ಲಲಿ. ಅದರ ಡಿಕ್ಕಿಯಲ್ಲಿ ನಾಲ್ಕು ಗಂಟೂ ಕೂತು, ಇನ್ನೊಂದಕ್ಕೆ ಜಾಗ ಉಳಿಯಿತು. ಅಕ್ಕ ಒಳಗೆ ತಲೆ ಹಾಕಿ ಮೂಸಿದಳು.

"ತರಕಾರಿ ಇದರಲ್ಲಿ ಹಾಕಿಲ್ಲ ತಾಯಿ, ಅದಕ್ಕೆ ಟೆಂಪೋ ಐತೆ" ಎಂದರು ಯಜಮಾನರು. ಆಮೇಲೆ ಎಂಜಿನ್ ಶುರು ಮಾಡಿ ಸಂಕೋಚದಿಂದ ಸೇರಿಸಿದರು: "ಸದ್ದು ಸ್ವಲ್ಪ ಜಾಸ್ತಿ. ನಿಮ್ಮತ್ರ ಮುಚ್ಚಿಡೋದ್ಯಾಕೆ."

"ಸದ್ದಾ? ಎಲ್ಲೈತೆ?" ಎಂದರು ಭಾವ. ಅವರು ಗೇಲಿ ಮಾಡುತ್ತಿರಲಿಲ್ಲ.

ಊರಿನ ಟ್ರಾಫಿಕ್ಕಿನಲ್ಲಿ ಬೇಡವೆಂದು ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶಕ್ಕೆ ಹೋದೆವು. ಡೀಸೆಲ್ ಕಾರನ್ನು ಯಜಮಾನರೇ ಓಡಿಸಿಕೊಂಡು ಹಿಂದೆ ಬಂದರು. ಫ್ಯಾಕ್ಟರಿಗಳಿಗೆ ರಜಾ, ಅಗಲದ ರಸ್ತೆಗಳಲ್ಲಿ ಎರಡು ನಾಯಿ ಬಿಟ್ಟರೆ ಯಾರೂ ಇಲ್ಲ. ಅಕ್ಕ ಮೊದಲು ಬಿಳಿ ಕಾರಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ಹೊರಡುವುದು ಸೊಗಸಾಗಿ ಆಯಿತು, ಗೇರೂ ಬಿತ್ತು. ನಿಲ್ಲಿಸುವಾಗ ಕಾರು ಮುಗ್ಗರಿಸಿ ಆಫ್ ಆಯಿತು. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ.

ನಾನು ಬಗ್ಗಿ ಅವಳ ಪಾದ ನೋಡಿದೆ. ಬ್ರೇಕಿಗೆ ಬಲಗಾಲು ಇಳಿದ ಕ್ಷಣ ಕ್ಲಚ್ಚಿನ ಎಡಗಾಲು ತಾನಾಗಿ ಮೇಲೇಳುತ್ತಿತ್ತು. ಮದುವೆಗೆ ಮೊದಲು ಏಳು ವರ್ಷ ನಮ್ಮ ಮನೆಯ ಗುಂಡಿ ಮಗ್ಗದಲ್ಲಿ ಕೂತು ಎರಡು ಹಲಗೆ ತುಳಿದವಳು ಅವಳು. ಅಲ್ಲಿ ಒಂದು ಕಾಲು ಇಳಿದರೆ ಇನ್ನೊಂದು ಏಳಲೇಬೇಕು.

"ಲೇ, ಎರಡನ್ನೂ ತುಳಿಯೇ!" ಎಂದು ಹಿಂದಿನ ಸೀಟಿನಿಂದ ಭಾವ ಕೂಗಿದರು.

"ಎರಡೂ ಒಟ್ಟಿಗೆ ತುಳಿದ್ರೆ ಮಗ್ಗ ನಡೆಯುತ್ತೇನ್ರೀ?"

"ಇದು ಮಗ್ಗ ಅಲ್ಲ ಕಣೇ!"

"ಅದನ್ನ ನನ್ನ ಕಾಲಿಗೆ ಹೇಳಿ."

ಅವಳು ನಗಲಿಲ್ಲ. ಕೆಳಗಿಳಿದು ಸೆರಗಿನಿಂದ ಕತ್ತು ಒರೆಸಿಕೊಂಡಳು. ಹನ್ನೆರಡು ದಿನವೂ ಡ್ರೈವಿಂಗ್ ಸ್ಕೂಲಿನವನು ತನ್ನ ಕಡೆಯ ಕ್ಲಚ್ ಪೆಡಲ್ ಒತ್ತಿ ಕಾಪಾಡುತ್ತಿದ್ದಿರಬೇಕು. ಅದು ಅವಳಿಗೆ ಗೊತ್ತಾದದ್ದು ಆಗಲೇ. ಮನೆಗೆ ಹೋಗಿಬಿಡೋಣ ಎಂದಳೋ, ಹಾಗೆ ಅನ್ನುತ್ತಾಳೆಂದು ನಾನು ಹೆದರಿದೆನೋ, ಈಗ ಹೇಳಲಾರೆ. ಡೈರಿಯಲ್ಲಿ ಆ ಮಾತಿಲ್ಲ.

ಡೀಸೆಲ್ ಕಾರು ಬೇಡವೇ ಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅದರಲ್ಲಿ ಕೂತಾಗಿತ್ತು. ಮೊದಲ ಸಲ ಅದೂ ಆಫ್ ಆಯಿತು. ಎರಡನೆಯ ಸಲ ಕಾರು ನಿಂತಿತು, ಎಂಜಿನ್ ಗಡಗಡ ಎನ್ನುತ್ತಲೇ ಇತ್ತು. ಮೂರು, ನಾಲ್ಕು, ಐದು. ನಾಯಿಗಳು ಎದ್ದು ಹೋದವು.

"ಇದು ಕಾಲನ್ನ ವಾಪಸ್ ತಳ್ಳುತ್ತೆ ಕಣೋ," ಎಂದಳು. "ಕಾಲು ಎಲ್ಲೈತೆ ಅಂತ ಗೊತ್ತಾಗುತ್ತೆ, ಹಿಡಿದಿಟ್ಕೋತೀನಿ. ಅದರಲ್ಲಿ ಬೆಣ್ಣೆ ತುಳಿದಂಗೆ. ಇದರ ಸದ್ದು ಬದಲಾದ್ರೂ ತಿಳಿಯುತ್ತೆ, ಆಫ್ ಆಗೋಕ್ ಮುಂಚೇನೇ."

ಮಂಡಿ ಯಜಮಾನರು ಬೆರಗಾಗಿ ನೋಡುತ್ತಿದ್ದರು. ಈ ಕ್ಲಚ್ ಗಟ್ಟಿಯೆಂದೇ ಅವರ ಮನೆಯವರು ಕಾರು ಮಾರಿಸುತ್ತಿದ್ದರಂತೆ. ಎಂಟು ಸಾವಿರ ಇಳಿಸಿದರು. ಭಾವ ಮುಂಗಡ ಕೊಟ್ಟರು. ಕಾಗದಪತ್ರ ಮುಗಿಸಿ ಗುರುವಾರ ಕಾರು ಒಯ್ಯುವುದೆಂದಾಯಿತು. ನನ್ನ ಪಟ್ಟಿ ಜೇಬಿನಿಂದ ಹೊರಗೇ ಬರಲಿಲ್ಲ.

ಊಟ ಮುಗಿಸಿ ಮೂರಕ್ಕೆ ಬಿಳಿ ಕಾರಿನಲ್ಲಿ ವಾಪಸ್ ಹೊರಟೆವು. ಬಿಸಿಲು ಎದುರಿಗಿತ್ತು. ಸೂಲಿಬೆಲೆ ದಾಟುವವರೆಗೆ ಭಾವ ಹಿಂದಕ್ಕೆ ತಿರುಗಿ ಅಂಗಡಿಗಳ ವಿವರ ಕೊಡುತ್ತಿದ್ದರು: ಯಾರು ಮೊದಲು ಅಂಚು ನೋಡುತ್ತಾರೆ, ಯಾರು ಕಾಫಿ ಕೊಟ್ಟು ಕಾಯಿಸುತ್ತಾರೆ, ಯಾರ ಹತ್ತಿರ ಬೆಲೆ ಮೊದಲೇ ಹೇಳಬಾರದು. ಅಕ್ಕ ಹೂಂ ಹೂಂ ಎನ್ನುತ್ತಿದ್ದಳು. ಆಮೇಲೆ ಕೇಳಿದಳು:

"ಎಲ್ಲಾ ಸರಿ. ಆ ಗಲ್ಲೀಲಿ ಕಾರ್ ಎಲ್ಲಿ ನಿಲ್ಲಿಸ್ಲಿ?"

ಭಾವ ನನ್ನನ್ನು ನೋಡಿದರು. ನಾನು ರಸ್ತೆಯನ್ನು ನೋಡಿದೆ. ಡಿಕ್ಕಿ, ಮೈಲೇಜು, ಕ್ಲಚ್ಚು, ಎಲ್ಲ ನೋಡಿದ್ದೆವು. ಚಿಕ್ಕಪೇಟೆಯಲ್ಲಿ ಕಾರು ನಿಲ್ಲಿಸುವ ಮಾತನ್ನು ಯಾರೂ ಎತ್ತಿರಲಿಲ್ಲ.

"ನಂಗೇನ್ ಗೊತ್ತೇ? ನಾನು ಸ್ಕೂಟರ್‌ನೋನು."

"ಹಂಗಾದ್ರೆ ನೀವು ಕಾರಲ್ಲೇ ಕೂತಿರಿ. ಪೊಲೀಸ್ನೋನು ಬಂದು ತೆಗೀರಿ ಅಂದ್ರೆ, ನಮ್ಮನೆಯೋರು ಒಳಗೆ ವ್ಯಾಪಾರಕ್ಕೆ ಹೋಗವ್ರೆ, ಈಗ ಬರ್ತಾರೆ ಅನ್ನಿ."

ಭಾವ ಜೋರಾಗಿ ನಕ್ಕರೆಂದು ನನ್ನ ನೆನಪು. ಡೈರಿಯಲ್ಲಿ ನಗುವಿಲ್ಲ. "ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. 'ಆಗ್ಲಿ, ಕೂತಿರ್ತೀನಿ' ಅಂದರು" ಎಂದಷ್ಟೇ ಇದೆ.