ಕಥೆಯಜ್ಜಿ ಹಿಡಿದ ಮೇಜು

ದೊಡ್ಡ ಭೂಕಂಪವಾದ ಮರುವರ್ಷ, ಯೋಕೋಹಾಮಾದ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಬ್ಬ ಅಜ್ಜಿ ಮಕ್ಕಳಿಗೆ ಯೂರೋಪಿನ ಯೆಹೂದಿಗಳ ಯಿಡ್ಡಿಷ್ ಭಾಷೆಯ ಜಾನಪದ ಕಥೆಗಳನ್ನು ಜಪಾನಿಯಲ್ಲಿ ಹೇಳುತ್ತಿದ್ದರು. ಪುಟ್ಟ ಮಗಳನ್ನು ಕರೆದುಕೊಂಡು ನಾನೂ ಹೋಗುತ್ತಿದ್ದೆ. ಅಜ್ಜಿ ಮೊದಲು ಮೇಣದಬತ್ತಿ ಹಚ್ಚುವರು. ಅದು ಉರಿಯುವಷ್ಟು ಹೊತ್ತು ಕಥೆ. ಆ ಕಥೆಗಳಲ್ಲಿ ಬರುವ ದಡ್ಡರ ಊರಿನ ಪ್ರಸಂಗಗಳಿಗೆ ಮಕ್ಕಳು ನಕ್ಕರೆ ಬೆರಳೆತ್ತಿ, "ದಡ್ಡರಲ್ಲ, ಸ್ವಲ್ಪ ಜಾಸ್ತಿ ಯೋಚನೆ ಮಾಡ್ತಾರೆ ಅಷ್ಟೆ" ಎನ್ನುವರು.

ಒಂದು ದಿನದ ಕಥೆಯಲ್ಲಿ, ಬಿರುಗಾಳಿಗೆ ಪ್ರಾರ್ಥನಾ ಮಂದಿರ ಹಾರಿಹೋದೀತೆಂದು ಆ ಊರವರೆಲ್ಲ ಅದರ ಗೋಡೆ ಹಿಡಿದು ನಿಂತಿದ್ದರು. ಗಾಳಿ ಅಡಗಿದರೂ ಒಬ್ಬರೂ ಕೈ ಬಿಡಲಿಲ್ಲ. ತಾನು ಹಿಡಿದಿದ್ದಕ್ಕೇ ಮಂದಿರ ಉಳಿದಿದೆ ಎಂದು ಪ್ರತಿಯೊಬ್ಬರಿಗೂ ನಂಬಿಕೆ.

ಮಕ್ಕಳು ನಗುತ್ತಿರುವಾಗಲೇ ನೆಲ ನಡುಗಿತು. ಅಜ್ಜಿ ತಟ್ಟನೆ ಬತ್ತಿ ಆರಿಸಿ, ಮಕ್ಕಳನ್ನೆಲ್ಲ ಮೇಜುಗಳಡಿ ಕಳಿಸಿ, ಕೊನೆಗೆ ತಾವೂ ನುಸುಳಿದರು. ಶಾಲೆಯಲ್ಲಿ ಕಲಿಸಿದಂತೆ ಮಕ್ಕಳು ಮೇಜಿನ ಕಾಲು ಹಿಡಿದುಕೊಂಡರು. ಅಜ್ಜಿಯೂ ಹಿಡಿದರು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಮಕ್ಕಳು ಒಬ್ಬೊಬ್ಬರಾಗಿ ಹೊರಬಂದರು. ಅಜ್ಜಿ ಬರಲಿಲ್ಲ. ನಾನು ಬಗ್ಗಿ ನೋಡಿದೆ. ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಮೇಜಿನ ಕಾಲನ್ನು ಅವುಚಿಕೊಂಡಿದ್ದರು.

ನನ್ನ ಮಗಳು ಮತ್ತೆ ಮೇಜಿನಡಿ ನುಸುಳಿ, ಅದೇ ಕಾಲನ್ನು ತಾನೂ ಗಟ್ಟಿಯಾಗಿ ಹಿಡಿದು, ಜಪಾನಿಯಲ್ಲಿ ಮೆಲ್ಲಗೆ ಹೇಳಿದಳು:

"ಅಜ್ಜಿ, ಈಗ ನಾನು ಹಿಡ್ಕೊಂಡಿದೀನಿ. ನೀವು ಬಿಡಬಹುದು."