ಅಳಿಯನ ಸುತ್ತ ಸುಣ್ಣದ ಗೆರೆ

ನಮ್ಮ ತರಬೇತಿ ಮಾಸ್ತರರ ಬಲಗೈ ಅಂಗೈ ಯಾವಾಗಲೂ ಬೆಳ್ಳಗಿರುತ್ತಿತ್ತು. ಊಟಕ್ಕೆ ಮುಂಚೆ ಎಷ್ಟು ತಿಕ್ಕಿ ತೊಳೆದರೂ ಗೆರೆಗಳ ಸಂದಿಯಲ್ಲಿ ಬಿಳುಪು ಉಳಿದೇ ಇರುತ್ತಿತ್ತು. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಇವರು ಸೀಮೆಸುಣ್ಣದ ತುಂಡು ಇಟ್ಟುಕೊಳ್ಳುತ್ತಿದ್ದರು. ನಮ್ಮ ಕಡೆ ಅದಕ್ಕೆ ಖಡು ಅನ್ನುತ್ತೇವೆ. ಕಾರ್ಖಾನೆಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಗೆರೆ ಎಳೆಯುವುದು, ತಪ್ಪಿದರೆ ಅಂಗೈಯಿಂದಲೇ ಒರೆಸುವುದು, ಮತ್ತೆ ಎಳೆಯುವುದು. ಒರೆಸಲು ಬಟ್ಟೆ ಕೊಟ್ಟರೆ ಮಡಚಿ ಪಕ್ಕಕ್ಕಿಟ್ಟು ಮತ್ತೆ ಅಂಗೈಯನ್ನೇ ಹಚ್ಚುತ್ತಿದ್ದರು. ಆ ಬಿಳಿ ಅಂಗೈ ಒಮ್ಮೆ ಮೇಲೆದ್ದಿತೆಂದರೆ ಇಡೀ ಶೆಡ್ಡೇ ನಿಲ್ಲುತ್ತಿತ್ತು. ಅವರು ಕೂಗಿದ್ದನ್ನು ನಾನಂತೂ ಕೇಳಿಲ್ಲ. ಆ ಶೆಡ್ಡಿನಲ್ಲಿ ಕೂಗುವ ಕೆಲಸ ನನ್ನದು.

ಕಿತ್ತೂರಿನ ಹತ್ತಿರ ಹೆದ್ದಾರಿಯ ಮಗ್ಗುಲಿಗಿರುವ ಆ ಕಾರ್ಖಾನೆಯಲ್ಲಿ ನಾವು ನೀರೆತ್ತುವ ಪಂಪು ಜೋಡಿಸುತ್ತೇವೆ. ನಾನು ಎಂ.ಕೆ. ಹುಬ್ಬಳ್ಳಿ ಕಡೆಯವಳು. ನಮ್ಮ ಮನೆಯವರು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ, ಹಂಗಾಮು ಮುಗಿದ ಮೇಲೆ ಮನೆಯಲ್ಲಿ ಕೂತು ನನಗೆ ಬುದ್ಧಿ ಹೇಳುತ್ತಾರೆ. ಅದನ್ನು ಕೇಳುವುದಕ್ಕಿಂತ ಪಂಪು ಜೋಡಿಸುವುದೇ ಸುಖ ಎಂದು ನಾನು ಕೆಲಸಕ್ಕೆ ಸೇರಿದ್ದು. ಸಾಲಿನಲ್ಲಿ ಹೆಚ್ಚಿನವರು ಹೆಂಗಸರೇ. ಪಂಪಿನ ಬಾಯಿಗೆ ರಬ್ಬರ್ ಉಂಗುರ ಕೂಡಿಸುವುದು, ಮುಚ್ಚಳ ಇಡುವುದು, ಬೋಲ್ಟು ಬಿಗಿಯುವುದು. ಸಂಜೆಗೆ ಮುಂಗೈ ಬಾತು ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ.

ಹಾಗಿರುವಾಗ ರೋಬೋಟು ಬಂತು. ದೊಡ್ಡ ಕಾರ್ಖಾನೆಗಳಲ್ಲಿ ಪಂಜರದೊಳಗೆ ಇಟ್ಟು ಕೆಲಸ ಮಾಡಿಸುವಂಥದ್ದಲ್ಲ. ಇದು ಬೇಲಿ ಇಲ್ಲದ್ದು. ಬರೀ ಒಂದು ತೋಳು. ಮನುಷ್ಯರ ಮಗ್ಗುಲಲ್ಲೇ ನಿಂತು ಕೆಲಸ ಮಾಡುತ್ತದೆ, ಯಾರಿಗಾದರೂ ತಗುಲಿದರೆ ತಾನೇ ನಿಂತುಬಿಡುತ್ತದೆ. ಉಂಗುರ ನಾವು ಕೂಡಿಸಬೇಕು, ಮುಚ್ಚಳ ತಂದಿಟ್ಟು ಬೋಲ್ಟು ಬಿಗಿಯುವುದು ಅದರ ಪಾಲು. ಬಂದ ಹೊಸದರಲ್ಲಿ ಅದರ ಉಪಚಾರ ನೋಡಬೇಕಿತ್ತು! ಅದಕ್ಕೆ ಬೇರೆ ಕರೆಂಟು. ಅದರ ಪೆಟ್ಟಿಗೆ ಬಿಸಿಯಾಗಬಾರದೆಂದು ಬೇರೆ ಫ್ಯಾನು. ನಾವು ಫ್ಯಾನು ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದೆವು. ನನಗೆ ತಲೆ ಕೆಟ್ಟುಹೋಯಿತು. "ಯವ್ವಾ, ಇದೇನ ರೋಬೋಟು ಬಂದೈತೋ ಅಳ್ಯಾ ಬಂದಾನೋ!" ಅಂದೆ. ಅಂದದ್ದೇ ಹೆಸರಾಯಿತು. ಅವತ್ತಿನಿಂದ ಅದು ಅಳಿಯ.

ಅಳಿಯನ ಜೊತೆ ಸುರಕ್ಷಿತವಾಗಿ ಕೆಲಸ ಮಾಡುವುದು ಹೇಗೆಂದು ಕಲಿಸಲು ಮಾಸ್ತರರು ಬಂದರು. ಬೈಲಹೊಂಗಲದ ಮುಸ್ಲಿಂ ಮನೆತನದವರು. ಹರೆಯದಲ್ಲಿ ಬೆಳಗಾವಿಯಲ್ಲಿ ಲೇತ್ ಮೇಲೆ ದುಡಿದವರು, ಆಮೇಲೆ ಓದಿ ಪಾಸಾಗಿ ತರಬೇತಿಗೆ ಬಂದವರು. ದಿನಾ ಬಸ್ಸಿನಲ್ಲಿ ಬರುವರು. ಅಂಗಿಯ ತೋಳು ಮುಂಗೈತನಕ ಗುಂಡಿ ಹಾಕಿ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುವರು. ಮಾಸ್ತರರಿಗಿಂತ ಮೊದಲು ರೋಬೋಟು ಮಾರಿದವರ ಕಡೆಯ ಹುಡುಗರು ಬಂದು ಗೋಡೆಯ ಮೇಲೆ ಚಿತ್ರ ಬಿಟ್ಟು, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಏನೋ ಹೇಳಿ ಹೋಗಿದ್ದರು. ನಮಗೆ ತಿಳಿದದ್ದು ಅಷ್ಟರಲ್ಲೇ ಇತ್ತು.

ಮಾಸ್ತರರು ಗೋಡೆಯ ತಂಟೆಗೇ ಹೋಗಲಿಲ್ಲ. ಅಳಿಯನ ತೋಳನ್ನು ಸಾವಕಾಶ ಓಡಿಸಿ, ಅದರ ತುದಿ ಎಲ್ಲೆಲ್ಲಿ ಹೋಗುತ್ತದೋ ಅದರ ಕೆಳಗೆ ಖಡು ಹಿಡಿದು ಗೆರೆ ಎಳೆಯುತ್ತ ಸುತ್ತು ಬಂದರು. ನೆಲದ ಮೇಲೆ ದೊಡ್ಡ ಬಿಳಿ ಬಳೆ ಮೂಡಿತು. ಎದ್ದು ನಿಂತು, "ಇದು ಇವನ ಅಂಗಳಾ. ಇದರಾಗ ಬರೂವಾಗ ಬಂದೇನಿ ಅನ್ನೂ ಖಬರ್ ಇರಬೇಕು. ಹೆದರಿಕಿನೂ ಬ್ಯಾಡ, ಸಲಗಿನೂ ಬ್ಯಾಡ" ಎಂದರು. ಯಾರೋ ಬಾಯಿ ಜಾರಿ ಅಳಿಯನ ಹೆಸರು ಹೇಳಿಬಿಟ್ಟರು. ಬೈಯುತ್ತಾರೆ ಎಂದುಕೊಂಡೆವು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಖರೇ ಐತಿ ಬಿಡ್ರಿ, ಅಳ್ಯಾನ! ಹೊಸದಾಗಿ ಬಂದಾನ. ಮೊದಲ ಅವನ ರಿವಾಜು ನೀವು ಕಲೀರಿ. ಯಾವಾಗ ಏಳತಾನ, ಯಾವ ಕಡೆ ತಿರಗತಾನ, ಏನ ತಾಗಿದ್ರ ನಿಂದರತಾನ, ಎಲ್ಲಾ."

ಒಬ್ಬೊಬ್ಬರನ್ನೂ ಕರೆದು ಅಂಗೈ ಒಡ್ಡಿಸಿ ಅಳಿಯನ ತೋಳು ಮೆತ್ತಗೆ ತಾಗಿಸಿದರು. ತಾಗಿದ ಕೂಡಲೇ ಅದು ನಿಲ್ಲುವುದನ್ನು ಕೈಯಿಂದಲೇ ತಿಳಿಯಬೇಕು ಎಂದು ಅವರ ಹಟ. ನಾನು ಕೈ ಒಡ್ಡಿ ಚೀರಿದ ಚೀರಿಗೆ ಹೊರಗಿನ ಕಾವಲುಗಾರ ಓಡಿ ಬಂದ. ಅವತ್ತಿನಿಂದ ಮಾಸ್ತರರು ನನ್ನನ್ನು "ಭೋಂಗಾ" ಅನ್ನತೊಡಗಿದರು. ಭೋಂಗಾ ಎಂದರೆ ಕಾರ್ಖಾನೆಯ ಸೈರನ್ನು. ಬೇರೆ ಯಾರಾದರೂ ಅಂದಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ನಮ್ಮ ಕೈಬಳೆಯ ವಿಷಯ ಬಂದಾಗ ಮ್ಯಾನೇಜರ್ ಸಾಹೇಬರು, "ಎಲ್ಲಾರೂ ಬಳಿ ತಗದಿಟ್ಟ ಬರ್ರಿ" ಎಂದುಬಿಟ್ಟಿದ್ದರು. ನಾವೆಲ್ಲ ಮುಖ ಗಂಟು ಹಾಕಿ ಕೂತೆವು. ಮಾಸ್ತರರು ನಮ್ಮನ್ನೇ ಕೇಳಿದರು, "ತಗೀರಿ ಅಂತ ನಾ ಹೇಳೂದಿಲ್ಲ. ಆದ್ರ ಗಾಜು ಒಡದ ನಿಮ್ಮ ಕೈಗೇ ಚುಚ್ಚಬಾರದು. ಏನ ಮಾಡೂಣು, ನೀವ ಹೇಳ್ರಿ." ನನಗೆ ಹೊಲಿಗೆ ಬರುತ್ತದೆ. ಮುಂಗೈಗೆ ಬಿಗಿಯಾಗಿ ಕೂಡುವ ಬಟ್ಟೆಯ ಪಟ್ಟಿ ಹೊಲಿದು ತಂದೆ, ಬಳೆ ಅದರೊಳಗೆ ಅಡಗಿದವು. ಅವರು ತಾವೂ ಒಂದನ್ನು ಹಾಕಿಕೊಂಡು ಶೆಡ್ಡಿನ ತುಂಬ ತೋರಿಸುತ್ತ ಅಡ್ಡಾಡಿದರು. ಊಟಕ್ಕೂ ನಮ್ಮ ಜೊತೆಗೇ ಕೂಡುತ್ತಿದ್ದರು. ಅವರ ಡಬ್ಬಿಯ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ನಮ್ಮಲ್ಲಿ ಜಗಳವೇ ನಡೆಯುತ್ತಿತ್ತು.

ಕಲಿಸಿದ್ದೆಲ್ಲ ಬಂತು. ಅಳಿಯನ ಜೊತೆ ನನ್ನ ಕೈ ಎಷ್ಟು ಕೂಡಿತೆಂದರೆ ಅದು ತಿರುಗುವುದರೊಳಗೆ ನನ್ನ ಉಂಗುರ ಕೂತಿರುತ್ತಿತ್ತು. ಮುಂಗೈ ನೋವು ಹೋಯಿತು. ಯಂತ್ರ ನಡೆಸುವವಳು ಎಂದು ಊರಲ್ಲಿ ನಾಲ್ಕು ಜನ ಮಾತಾಡುತ್ತಿದ್ದರು. ಅದು ನನಗೆ ಎಷ್ಟು ಹೆಮ್ಮೆ ಎಂದರೆ, ಬಸ್ಸಿನಲ್ಲಿ ಯಾರೂ ಕೇಳದಿದ್ದರೂ ನಾನೇ ಹೇಳುತ್ತಿದ್ದೆ.

ದಸರೆಗೆ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆ ಬಂತು. ಅಳಿಯ ನಿಂತಿರುವ ಕಬ್ಬಿಣದ ಪೀಠಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದೆವು. "ತೋಳಿಗೆ ಮಾತ್ರ ಏನೂ ಹಚ್ಚಬ್ಯಾಡ್ರಿ, ಅಂವಗ ಮೈಯೆಲ್ಲಾ ಸೂಕ್ಷ್ಮ" ಎಂದು ಮಾಸ್ತರರು ತಾವೇ ನಿಂತು ಪೂಜೆ ಮಾಡಿಸಿದರು.

ಅದಾಗಿ ಕೆಲವೇ ದಿನ. ಉಂಗುರದ ಟ್ರೇಯನ್ನು ಮೇಜಿನ ಕೆಳಗೆ ತಳ್ಳುವಾಗ ನನ್ನ ಕಾಲು ಅಳಿಯನ ಪೀಠಕ್ಕೆ ತಾಗಿತು. ಪೂಜೆ ಮಾಡಿದ ಪೀಠ. ಕಾಲು ತಾಗಿದರೆ ನಾವೇನು ಯೋಚನೆ ಮಾಡುತ್ತೇವೆಯೇ? ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನಾನೂ ಬಗ್ಗಿದೆ, ಮುಟ್ಟಿದೆ, ಕಣ್ಣಿಗೆ ಒತ್ತಿಕೊಳ್ಳುತ್ತ ಎದ್ದೆ. ಮುಚ್ಚಳ ತರಲು ಹೊರಟಿದ್ದ ಅಳಿಯನ ತೋಳಿನ ಕೆಳಗೆ ಸರಿಯಾಗಿ ನನ್ನ ತಲೆ ಬಂತು. ಹುಬ್ಬಿನ ಮೇಲೆ ಟಪ್ಪೆಂದು ಬಡಿಯಿತು. ಸುಳ್ಳು ಹೇಳಬಾರದು, ಅದು ಅಲ್ಲಿಗಲ್ಲೇ ನಿಂತಿತು. ಆದರೆ ಮುಚ್ಚಳ ಹಿಡಿಯುವ ಅದರ ಹಿಡಿಕೆಯ ಮೂಲೆ ತಾಗಿ ರಕ್ತ ಸೋರಿತು. ಕಿತ್ತೂರಿನ ದವಾಖಾನೆಯಲ್ಲಿ ಹೊಲಿಗೆ ಹಾಕುತ್ತ ಡಾಕ್ಟರು, "ಸ್ವಲ್ಪ ಕೆಳಗಾಗಿದ್ರ ಕಣ್ಣ ಹೋಗತಿತ್ತಲ್ಲವಾ" ಎಂದಾಗ ನಾನು ಆ ಕಣ್ಣನ್ನು ಮುಚ್ಚಿ ತೆರೆದು ನೋಡಿಕೊಂಡೆ.

ಮ್ಯಾನೇಜರ್ ಸಾಹೇಬರು ಅವತ್ತೇ ತೀರ್ಮಾನ ಮಾಡಿದ್ದರು. "ಹೆಣ್ಮಕ್ಕಳಿಗೆ ಲಕ್ಷ್ಯ ಇರೂದಿಲ್ಲ. ಎಲ್ಲಾರ್ನೂ ಪ್ಯಾಕಿಂಗಿಗೆ ಹಾಕ್ರಿ." ಪ್ಯಾಕಿಂಗ್ ಕೆಟ್ಟ ಕೆಲಸವೆಂದಲ್ಲ. ಆದರೆ ಕಲಿತ ಕೆಲಸವನ್ನು ಕೈಯಿಂದ ಕಿತ್ತುಕೊಂಡು ರಟ್ಟಿನ ಡಬ್ಬಿ ಮಡಚು ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ಅದೂ ನನ್ನೊಬ್ಬಳ ಸಲುವಾಗಿ ಎಲ್ಲರಿಗೂ ಶಿಕ್ಷೆ. ಗೆಳತಿಯರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚಲೋ ಇತ್ತು.

ಹಣೆಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋದ ದಿನ ಮಾಸ್ತರರು ಎಲ್ಲರನ್ನೂ ಅಳಿಯನ ಮುಂದೆ ಕೂಡಿಸಿದರು. ಮ್ಯಾನೇಜರ್ ಸಾಹೇಬರೂ ಬಂದಿದ್ದರು. ಅಳಿಯನನ್ನು ನಿಲ್ಲಿಸಿದ್ದರು.

"ಅಕ್ಕಾರ, ಅಷ್ಟ ಕೆಳಗ ಬಗ್ಗಿದ್ದ ಯಾಕ?" ಎಂದು ಮಾಸ್ತರರು ನನ್ನನ್ನು ಕೇಳಿದರು.

ನನಗೆ ಹೇಳಲು ನಾಚಿಕೆ. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. "ಕಾಲ ತಾಗಿತ್ರಿ, ಮತ್ತೇನ ಮಾಡ್ಲಿ? ಪೂಜಿ ಮಾಡಿದ್ದನ್ನ ಒದ್ದು ಸುಮ್ಮನ ನಿಂದರ್ಲೇನ್ರಿ?" ಎಂದು ಒದರಿದೆ.

ಹಿಂದಿನಿಂದ ಕೆಲವರು ಕಿಸಕ್ಕೆಂದರು. ಮಾಸ್ತರರು ನಗಲಿಲ್ಲ. ಟ್ರೇಯ ಪಕ್ಕ ಕೂತು, ಬಿಳಿ ಅಂಗೈಯನ್ನು ಪ್ಯಾಂಟಿಗೆ ತಿಕ್ಕುತ್ತ, "ಹೌದಲ್ಲಾ... ಹೌದಲ್ಲಾ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಎದ್ದು, "ಎಲ್ಲಾರೂ ಗೆರಿ ಒಳಗ ಬರ್ರಿ. ಸಾಹೇಬ್ರ, ನೀವೂ ಬರ್ರಿ. ಇನ್ನೂ ಒಳಗ" ಎಂದು ಎಲ್ಲರನ್ನೂ ಅಳಿಯನ ಸುತ್ತ ಒತ್ತೊತ್ತಾಗಿ ನಿಲ್ಲಿಸತೊಡಗಿದರು. ನೂಕುನುಗ್ಗಲಿನಲ್ಲಿ ಮ್ಯಾನೇಜರ್ ಸಾಹೇಬರ ಬೂಟು ಪೀಠಕ್ಕೆ ಠಣ್ಣೆಂದು ಬಡಿಯಿತು. ಸಾಹೇಬರು ಮಾತಾಡುತ್ತಿದ್ದ ಮಾತನ್ನೂ ನಿಲ್ಲಿಸದೆ ಬಗ್ಗಿದರು, ಪೀಠ ಮುಟ್ಟಿದರು, ಕೈಯನ್ನು ಕಣ್ಣಿಗೆ ಒಯ್ದರು.

ಬಿಳಿ ಅಂಗೈ ಮೇಲೆದ್ದಿತು. "ಸಾಹೇಬ್ರ, ಹಂಗ ನಿಲ್ರಿ. ಏಳಬ್ಯಾಡ್ರಿ."

ಅಳಿಯನ ತೋಳಿನ ಗುಂಡಿ ಒತ್ತಿ ಹಿಡಿದರೆ ಅದನ್ನು ನಮ್ಮ ಕೈಯಿಂದಲೇ ಬೇಕಾದಲ್ಲಿಗೆ ತರಬಹುದು. ಮಾಸ್ತರರು ಹಾಗೆ ಅದನ್ನು ತಂದು, ಮುಚ್ಚಳಕ್ಕೆ ಹೋಗುವ ದಾರಿಯಲ್ಲಿ ನಿಲ್ಲಿಸಿದರು. ಅದು ಸರಿಯಾಗಿ ಸಾಹೇಬರ ಬೋಳುತಲೆಯ ಮೇಲೆ ಬಂದು ನಿಂತಿತು.

"ಈಗ ಏಳ್ರಿ. ಸಾವಕಾಶ."

ಸಾಹೇಬರು ಎದ್ದರು. ಎದ್ದ ತಲೆ ಹಿಡಿಕೆಗೆ ತಾಗಿತು. ನಾನು ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ.

"ಇದು ನಿಮ್ಮ ತಪ್ಪಲ್ಲರಿ, ಸಾಹೇಬ್ರ," ಎಂದರು ಮಾಸ್ತರರು. "ಇವರದೂ ಅಲ್ಲ. ಅಳ್ಯಾನ ರಿವಾಜು ಇವರಿಗೆಲ್ಲಾ ಕಲಿಸಿದ್ನಿ. ಇವರ ರಿವಾಜು ಅಳ್ಯಾಗ ಕಲಸೂದ ಮರತ್ನಿ. ಕೈ ಎಲ್ಲಿ ಬರತಾವ, ಮೊಣಕೈ ಎಲ್ಲಿ ಬರತಾವ, ಎಲ್ಲಾ ನೋಡಿದ್ನಿ. ತಲಿ ಅಷ್ಟ ಕೆಳಗ ಬರತೈತಿ ಅಂತ ನನಗ ಹೊಳೀಲಿಲ್ಲ. ಇಲ್ಲೇ ಹುಟ್ಟಿ ಬೆಳದಾಂವಗ ಹೊಳೀಬೇಕಿತ್ತು. ತಪ್ಪು ನಂದು."

ಅಷ್ಟು ಜನರ ಮುಂದೆ, ಅಷ್ಟು ನಿರಾಳವಾಗಿ, ಒಬ್ಬ ದೊಡ್ಡ ಮನುಷ್ಯ ತಪ್ಪು ನನ್ನದು ಅಂದದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಮ್ಯಾನೇಜರ್ ಸಾಹೇಬರ ಮುಖ ಕೆಂಪಾಯಿತು. ತಲೆ ಸವರಿಕೊಂಡರು, ಆಮೇಲೆ ತಾವೇ ಮೊದಲು ನಕ್ಕರು. ಪ್ಯಾಕಿಂಗಿನ ಮಾತು ಅಲ್ಲಿಗೆ ಮುಗಿಯಿತು.

ಒಬ್ಬ ಇಂಜಿನಿಯರು, "ನಮಸ್ಕಾರ ಮಾಡಬೇಡಿ ಅಂತ ಬೋರ್ಡ್ ಹಾಕಿದರೆ ಆಯ್ತಲ್ಲ ಸರ್" ಎಂದ. ಮಾಸ್ತರರು ತಲೆಯಾಡಿಸಿದರು. "ಬೋರ್ಡ್ ಓದಿ ಬಗ್ಗತಾರೇನ್ರಿ ಯಾರರ? ಕೈ ತಾನ ಹೋಗತೈತಿ. ಮಾಡಬ್ಯಾಡ್ರಿ ಅನ್ನಾಕ ನಾವ ಯಾರು? ಮಾಡಲಿ. ಮೊದಲ ಅಳ್ಯಾನ್ನ ನಿಲ್ಲಸಲಿ, ಆಮ್ಯಾಲೆ ಮಾಡಲಿ."

ಟ್ರೇಗಳ ಜಾಗ ಬದಲಾಯಿತು. ಕಾಲು ಹೋಗದ ಹಾಗೆ ಪೀಠದ ಸುತ್ತ ತಗಡಿನ ಮರೆ ಬಂತು. ಬಗ್ಗಿದವರನ್ನೂ ಕಾಣುವಂತೆ ಅಳಿಯನಿಗೆ ಮೊಣಕಾಲೆತ್ತರದಲ್ಲಿ ಒಂದು ಕಣ್ಣು, ಅಂದರೆ ಸೆನ್ಸರ್, ಇಡಿಸಿದರು. ಕೋಲಿಗೆ ಕುಂಬಳಕಾಯಿ ಸಿಕ್ಕಿಸಿ ಮೊದಲು ಅದರಿಂದ ಪರೀಕ್ಷೆ ಮಾಡಿದರು. ಅಳಿಯ ಪ್ರತಿಸಲವೂ ದೂರದಲ್ಲೇ ನಿಂತ ಮೇಲೆ, ತಾವೇ ಬಗ್ಗಿ ಪೀಠ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಏಳುವುದನ್ನು ಒಂದೇ ಸಮನೆ ಮಾಡುತ್ತ ಹೋದರು. ನಾನು ಸುಮ್ಮನಿರಲಾರದೆ, "ಮಾಸ್ತರ್ರ, ಇವತ್ತ ಭಾಳ ಭಕ್ತಿ ಮಾಡಾಕತ್ತೀರಲ್ಲರಿ!" ಅಂದೆ. "ಬೈಲಹೊಂಗಲದ ಕೈಯವಾ ಇದು. ಕಾಲ ತಾಗಿದ್ರ ನಂದೂ ಹೋಗತೈತಿ" ಎಂದು ಸೊಂಟ ಹಿಡಿದುಕೊಂಡು ನಕ್ಕರು.

ಆವತ್ತು ಎಲ್ಲರನ್ನೂ ಒಳಗೆ ಒತ್ತಿ ನಿಲ್ಲಿಸಿದ್ದು ಸಾಹೇಬರ ಬೂಟು ತಾಗಲಿ ಎಂತಲೇ ಏನು ಎಂದು ಆಮೇಲೆ ಎಷ್ಟೋ ಸಲ ಕೇಳಿದೆ. ಶೇಂಗಾ ಹಿಂಡಿಯ ಡಬ್ಬಿ ನನ್ನ ಕಡೆ ಸರಿಸುತ್ತಿದ್ದರೇ ಹೊರತು ಬಾಯಿ ಬಿಡಲಿಲ್ಲ.

ಹೊಸಬರು ಬಂದಾಗ ನನ್ನನ್ನೇ ಮುಂದೆ ನಿಲ್ಲಿಸತೊಡಗಿದರು. "ಭೋಂಗಾ ಸುಮ್ಮನ ಯಾಕ ಹಾಳಾಗಬೇಕು? ಕಲಸ್ರಿ" ಎಂದರು. ಅವರು ಹಿಂದೆ ಕುಕ್ಕರುಗಾಲಲ್ಲಿ ಕೂತು, ನಾನು ತಪ್ಪು ಎಳೆದ ಗೆರೆಯನ್ನು ಸದ್ದಿಲ್ಲದೆ ಒರೆಸುತ್ತಿದ್ದರು. ಈಗ ಸವದತ್ತಿ, ರಾಮದುರ್ಗದ ಕಡೆಯಿಂದ ಕೆಲಸಕ್ಕೆ ಬರುವ ಹುಡುಗಿಯರಿಗೂ ನಾನೇ ಹೇಳಿಕೊಡುವುದು. ನನ್ನ ಹುಬ್ಬಿನ ಗೆರೆ ತೋರಿಸಿಯೇ ಪಾಠ ಶುರು.

ಹೋದ ವರ್ಷ ಮಾಸ್ತರರು ನಿವೃತ್ತರಾದರು. ಚಾ, ಚುರುಮುರಿ, ಹಾರ, ಭಾಷಣ ಎಲ್ಲ ಆಯಿತು. ಅಷ್ಟು ವರ್ಷದಲ್ಲಿ ಅವರು ಯಾರಿಗೂ ಕಾಲು ಮುಟ್ಟಗೊಟ್ಟವರಲ್ಲ. ಯಾರಾದರೂ ಬಗ್ಗಿದರೆ ಸಾಕು, "ಬ್ಯಾಡ್ರಿ, ಬ್ಯಾಡ್ರಿ" ಎಂದು ಹಿಂದೆ ಹಿಂದೆ ಸರಿಯುವರು. ಅವತ್ತೂ ನಾನು ಹತ್ತಿರ ಹೋದದ್ದೇ ತಡ, ಸರಿಯತೊಡಗಿದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಬಲಗೈ ಎತ್ತಿ, ಇಡೀ ಶೆಡ್ಡಿಗೆ ಕೇಳುವಂತೆ ಒದರಿದೆ:

"ಮಾಸ್ತರ್ರ! ನಿಲ್ರಿ! ಮೊದಲ ನಿಲ್ಲಸಬೇಕು, ಆಮ್ಯಾಲೆ ನಮಸ್ಕಾರ. ನೀವ ಹೇಳಿದ್ದಲ್ಲೇನ್ರಿ?"

ಎಲ್ಲರೂ ಹೋ ಎಂದು ನಕ್ಕರು. ಅವರು ನಿಂತರು. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, "ನಿಂತೇನಿ. ಮಾಡ್ರಿ" ಎಂದರು.

ಅವರು ಕಲಿಸಿದ ಹಾಗೆ ಮೊದಲು ಆ ಕಡೆ ನೋಡಿದೆ, ಈ ಕಡೆ ನೋಡಿದೆ, ಮೇಲೆ ನೋಡಿದೆ. ಆಮೇಲೆ ಬಗ್ಗಿ, ಮುಟ್ಟಿ, ಕಣ್ಣಿಗೆ ಒತ್ತಿಕೊಂಡೆ. ಏಳಲು ಹೋದರೆ ತಲೆಯ ಮೇಲೆ ಅವರ ಅಂಗೈ ಇತ್ತು.

"ಈಗ ಏಳ್ರಿ," ಎಂದರು. "ಸಾವಕಾಶ."

ಮನೆಗೆ ಬಂದಾಗ ಅತ್ತೆ ನನ್ನ ತಲೆ ನೋಡಿ, "ಏನವಾ ಅದು ಕೂದಲಾಗ, ಹಿಟ್ಟೇನು?" ಎಂದು ಒರೆಸಲು ಸೆರಗು ಹಿಡಿದರು.

"ಖಡು ಐತ್ರಿ ಅತ್ತಿ. ಇರ್ಲಿ ಬಿಡ್ರಿ" ಅಂದೆ. ಮರುದಿನ ತಲೆಗೆ ಎರೆದುಕೊಳ್ಳುವ ದಿನವಾಗಿತ್ತು. ಎರೆದುಕೊಳ್ಳಲಿಲ್ಲ.