ದೇವಿರಮ್ಮನ ಉಸಿರು ಮತ್ತು ಪಾಪದ ಪಿಚಕಾರಿ

ಮೈಸೂರಿನ ಯಾದವಗಿರಿಯ ಆ ಹಳೇ ಬಂಗಲೆಯಲ್ಲಿ ಶ್ವಾಸಕೋಶದ ಸಂಶೋಧನೆ ನಡೆಯುತ್ತದೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಅಕ್ಕಪಕ್ಕದವರು ಮಾತ್ರ ಒಳಗೆ ಯಾರನ್ನೋ ಕಟ್ಟಿಹಾಕಿ ಬಡಿಯುತ್ತಾರೆ ಎಂದೇ ನಂಬಿದ್ದರು. ಬೆಳಗ್ಗೆ ಹತ್ತಾಯಿತೆಂದರೆ ಮಹಡಿಯ ಕಿಟಕಿಯಿಂದ ಹೆಂಗಸೊಬ್ಬಳ ಗಂಟಲು ಬೀದಿಗೆ ಬೀಳುತ್ತಿತ್ತು. "ಊದು! ಊದು! ಒಳಗೆ ಇನ್ನೂ ಅದೆ, ಬಚ್ಚಿಟ್ಕಬ್ಯಾಡ, ಊದು!" ಎದುರು ಮನೆಯ ನಿವೃತ್ತ ಜಡ್ಜ್ ಸಾಹೇಬರು ತಡೆಯಲಾರದೆ ಒಂದು ದಿನ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸಿನವನು ಬಂದ. ಆ ಗಂಟಲಿನ ಒಡತಿ ದೇವಿರಮ್ಮ ಅವನನ್ನೂ ಕುರ್ಚಿಯಲ್ಲಿ ಕೂರಿಸಿ, ಊದಿಸಿ, ಬೀಡಿ ಬಿಡು ಎಂದು ಬೈದು ಕಳಿಸಿದಳು.

ಹಿನಕಲ್ಲಿನ ರೈತರ ಮನೆಯ ಹೆಂಗಸಿಗೆ ಈ ಕೆಲಸ ಸಿಕ್ಕಿದ್ದು ಅರ್ಜಿ ಹಾಕಿ ಅಲ್ಲ, ಬಾಯಿ ಹಾಕಿ. ತೊಂಬತ್ತಾರರಲ್ಲಿ ಹಿನಕಲ್ ಇನ್ನೂ ಅರ್ಧ ಹಳ್ಳಿ, ಅರ್ಧ ಸೈಟು. ಬಂಗಲೆಯ ಡಾಕ್ಟರು ಸಿದ್ದಲಿಂಗಸ್ವಾಮಿಯವರು ತಮ್ಮ ಯಂತ್ರ ಹೊತ್ತುಕೊಂಡು ಅಲ್ಲಿನ ಸ್ಕೂಲಿಗೆ ಬಂದಿದ್ದರು. ಯಂತ್ರದ ಕೊಳವೆ ಬಾಯಿಗಿಟ್ಟುಕೊಂಡು ಎದೆಯ ಗಾಳಿಯನ್ನೆಲ್ಲ ಒಂದೇ ದಮ್ಮಿಗೆ ಆಚೆ ಹಾಕಬೇಕು, ಎಷ್ಟು ಬಂತೆಂದು ಅದು ಅಳೆಯುತ್ತದೆ. ಅಷ್ಟೇ ಕೆಲಸ. ಆದರೆ ಜನ ಊದಬೇಕಲ್ಲ! ಡಾಕ್ಟರು ಬಲು ಮೆತ್ತನೆಯ ಮನುಷ್ಯ. ನಾಯಿ ಅಟ್ಟಿಸಿಕೊಂಡು ಬಂದರೂ "ಹೋಗಿ, ಹೋಗಿ" ಎಂದು ಬಹುವಚನದಲ್ಲೇ ಗದರುವವರು. ಅವರು "ದಯವಿಟ್ಟು ಇನ್ನೂ ಸ್ವಲ್ಪ ಜೋರಾಗಿ" ಎನ್ನುತ್ತಿದ್ದರು, ಜನ ದೀಪ ಆರಿಸುವ ಹಾಗೆ ಉಫ್ ಎಂದು ಎದ್ದು ಹೋಗುತ್ತಿದ್ದರು.

ಸಾಲಿನಲ್ಲಿ ಹಿಂದೆ ನಿಂತಿದ್ದ ದೇವಿರಮ್ಮನಿಗೆ ನೋಡಿ ನೋಡಿ ಮೈ ಉರಿಯಿತು. ಕುರ್ಚಿಯಲ್ಲಿದ್ದವನು ಪಕ್ಕದ ಮನೆಯ ಜವರಪ್ಪ.

"ಅಯ್ಯೋ ಶಿವ್ನೆ! ಬಿಸಿ ಕಾಫಿ ಊದ್ದಂಗೆ ಊದ್ತೀಯಲ್ಲ ಜವರಪ್ಪಣ್ಣ! ಬೇಲಿ ಜಗಳದಲ್ಲಿ ಊರೆಲ್ಲ ಕೇಳಂಗೆ ಅರಚ್ತಿದ್ಯಲ್ಲ, ಆ ದಮ್ಮು ಎಲ್ಲೋಯ್ತು? ಊದು! ಊದು! ಊದು!"

ಜವರಪ್ಪ ಹೆದರಿ ಊದಿದ ರಭಸಕ್ಕೆ ಯಂತ್ರದ ಮುಳ್ಳು ನೆಗೆಯಿತು. ಡಾಕ್ಟರು ತಿರುಗಿ ನೋಡಿದರು. ಆಮೇಲೆ ಸಾಲಿನಲ್ಲಿದ್ದವರನ್ನೆಲ್ಲ ಊದಿಸಿದ್ದು ದೇವಿರಮ್ಮನೇ. ಕೊನೆಗೆ ತಾನೂ ಊದಿದಳು. ಆ ಅಂಕಿ ನೋಡಿ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಇಂಥ ಎದೆ ಅವರು ಗಂಡಸರಲ್ಲೂ ಕಂಡಿರಲಿಲ್ಲ.

"ಮನೇಲಿ ಅಡುಗೆ ಯಾವ ಒಲೇಲಮ್ಮ? ಸೌದೆನೋ, ಗ್ಯಾಸೋ?"

"ಗ್ಯಾಸು ಸಾರ್," ಎಂದಳು ದೇವಿರಮ್ಮ, ಕತ್ತು ನೆಟ್ಟಗೆ ಮಾಡಿ.

ಸುಳ್ಳಲ್ಲ ನೋಡಿ. ಗ್ಯಾಸ್ ಒಲೆ ಇತ್ತು. ಲಾರಿ ಓಡಿಸುವ ಗಂಡ ಮಹದೇವು ಯಾರ್ಯಾರದೋ ಕೈಕಾಲು ಹಿಡಿದು ತಂದಿದ್ದ. ಅದು ನಡುಮನೆಯ ಮೇಜಿನ ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡು, ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡು, ಬಂದವರಿಗೆಲ್ಲ ದರ್ಶನ ಕೊಡುತ್ತಿತ್ತು. ಅಡುಗೆ ಆಗುತ್ತಿದ್ದದ್ದು ಹಿತ್ತಲಿನ ಸೌದೆ ಒಲೆಯಲ್ಲಿ. ಅತ್ತೆ ಪುಟ್ಟತಾಯಮ್ಮನ ಕಟ್ಟಪ್ಪಣೆ ಅದು. "ಸೌದೆ ಒಲೆ ಮುದ್ದೆ ರುಚಿ ಅದುಕ್ ಬಂದದಾ? ಆ ನಾತದ್ ಒಲೇಲಿ ಬೆಂದದ್ದ ನಾನ್ ಮುಟ್ಟಾಕಿಲ್ಲ ಕಣಮ್ಮಿ." ಮುದುಕಿ ಅಂದಳೆಂದರೆ ಮುಗಿಯಿತು. ಎರಡು ಹೊತ್ತೂ ಹಸಿ ಸೌದೆಗೆ ಕಬ್ಬಿಣದ ಕೊಳವೆ ಹಿಡಿದು ಊದಿ ಊದಿಯೇ ದೇವಿರಮ್ಮನ ಎದೆ ಆ ಪರಿ ಗಟ್ಟಿಯಾಗಿದ್ದು. ಡಾಕ್ಟರು ಮೆಚ್ಚಿದ ಉಸಿರು ಹಿತ್ತಲಿನ ಹೊಗೆಯಲ್ಲಿ ಬೆಳೆದದ್ದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು!

ಮರುವಾರವೇ ಬಂಗಲೆಯಲ್ಲಿ ಜನರನ್ನು ಊದಿಸುವ ಕೆಲಸ ಸಿಕ್ಕಿತು, ಅದರ ಜೊತೆಗೆ ಇನ್ನೊಂದು ಪದವಿಯೂ ಬಂತು. ಇಂಥ ಲ್ಯಾಬಿನಲ್ಲಿ ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡಲು ಎರಡು ದಾರಿ. ಒಂದು, ಮೂರು ಲೀಟರ್ ಗಾಳಿ ಹಿಡಿಯುವ ತೋಳುದ್ದದ ಪಿಚಕಾರಿ. ಅದನ್ನು ಒತ್ತಿದರೆ ಯಂತ್ರ ಮೂರೇ ಲೀಟರ್ ತೋರಿಸಬೇಕು. ಇನ್ನೊಂದು, ರೋಗವಿಲ್ಲದ, ಹೊಗೆಯ ಸೋಂಕಿಲ್ಲದ ಒಬ್ಬ ಮನುಷ್ಯ ಪ್ರತಿ ಸೋಮವಾರ ಬೆಳಗ್ಗೆ ಊದುವುದು. ಹೋದ ವಾರದ ಅಂಕಿಯೇ ಬಂದರೆ ಯಂತ್ರ ಸರಿ. ಆ ಮನುಷ್ಯ ದೇವಿರಮ್ಮ. ಅವಳ ಜಂಬ ಕೇಳಬೇಕೆ? "ಮೈಸೂರಿನೋರ್ ಎದೆನೆಲ್ಲ ಮಿಷನ್ ಅಳೀತದೆ, ಮಿಷನ್ನ ನನ್ನೆದೆ ಅಳೀತದೆ," ಎಂದು ಹಿನಕಲ್ ಬಸ್‌ಸ್ಟಾಪಿನಲ್ಲಿ ಕೇಳದವರಿಗೂ ಹೇಳುತ್ತಿದ್ದಳು. ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಗೆ ಕರೆಯುತ್ತಿದ್ದರು.

ಮೂರ್ನಾಲ್ಕು ವರ್ಷ ಅವಳ ಅಂಕಿ ಅಲ್ಲಾಡಲಿಲ್ಲ. ಆಮೇಲೆ ಇಳಿಯತೊಡಗಿತು.

ವಯಸ್ಸಾದಂತೆ ಉಸಿರು ಇಳಿಯುತ್ತದೆಂದು ಡಾಕ್ಟರಿಗೆ ಗೊತ್ತಿರಲಿಲ್ಲವೇ ಎನ್ನಬೇಡಿ. ಗೊತ್ತಿತ್ತು, ಅದರ ಪಾಲನ್ನೂ ಕಳೆದು ನೋಡಿದರು. ಇಳಿತ ಅದಕ್ಕಿಂತ ಎಷ್ಟೋ ಜಾಸ್ತಿ. ಬೀಡಿ ಮುಟ್ಟದ, ಗ್ಯಾಸ್ ಒಲೆಯ ಹೆಂಗಸಿನ ಉಸಿರು ಹೀಗೆ ಕುಸಿಯಲು ಸಾಧ್ಯವೇ? ಇಲ್ಲ. ಅಂದಮೇಲೆ ಯಂತ್ರವೇ ಕೆಟ್ಟಿರಬೇಕು. ಪಿಚಕಾರಿ ಒತ್ತಿದರು. ಯಂತ್ರ ಸರಿಯಾಗಿದೆ ಎಂದಿತು ಪಿಚಕಾರಿ. ಹಾಗಾದರೆ ಪಿಚಕಾರಿಯೂ ಕೆಟ್ಟಿದೆ! ಪಾಪ, ಅದರ ವಾಷರ್ ಬದಲಾಯಿಸಿದರು, ಎಣ್ಣೆ ಹಾಕಿದರು, ಕೊನೆಗೆ ಬೀರುವಿನ ಮೇಲೆ ಎಸೆದರು. ಕಂಪನಿಯವನೊಬ್ಬ ಬೆಂಗಳೂರಿನಿಂದ ಬಂದು ಯಂತ್ರ ಬಿಚ್ಚಿ, ಕಾಫಿ ಕುಡಿದು, ಬಿಚ್ಚಿದ್ದನ್ನು ಹಾಗೇ ಜೋಡಿಸಿ ಹೋದ. ಲ್ಯಾಬಿನಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಮಧುಶ್ರೀ, "ಸಾರ್, ಇನ್ನೊಬ್ಬರ ಹತ್ರ ಊದಿಸಿ ನೋಡೋಣ್ವಾ?" ಎಂದದ್ದಕ್ಕೆ ಡಾಕ್ಟರು ನೊಂದುಕೊಂಡರು. "ಪಿಚಕಾರಿ ಪಾರ್ಸೆಲ್ಲಲ್ಲಿ ಬಂದಿದ್ದು ಕಣಮ್ಮ. ದೇವಿರಮ್ಮನ್ನ ನಾನು ಮೊದಲಿಂದ ನೋಡಿದ್ದೀನಿ." ಹೀಗೆಂದು ಅವರು, ಯಾರೇ ಊದಿದರೂ ಬಂದ ಅಂಕಿಗೆ ಕಂಪ್ಯೂಟರಿನಲ್ಲಿ ಒಂದಿಷ್ಟು ಕೂಡಿಸುವ ಏರ್ಪಾಟು ಮಾಡಿದರು. ದೇವಿರಮ್ಮನ ಅಂಕಿ ಮೊದಲಿನಷ್ಟೇ ಆಯಿತು. ಆಮೇಲೆ ವರ್ಷವರ್ಷವೂ ಮತ್ತಷ್ಟು ಕೂಡಿಸುತ್ತ ಬಂದರು.

ದೇವಿರಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು? ಬಂಗಲೆಯ ಮೆಟ್ಟಿಲ ಮಧ್ಯೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುವವಳು ಅವಳೇ. ಮೂರನೇ "ಊದು"ವಿಗೆ ಕೆಮ್ಮು ಬರುವುದು ಅವಳಿಗೇ. ಎಷ್ಟೋ ಜನರ ಎದೆ ಕೇಳಿದವಳು, ತನ್ನೆದೆಯ ಸುಯ್ ಸದ್ದು ಕೇಳಿಸದಷ್ಟು ಕಿವುಡಿಯಲ್ಲ. ಆದರೆ ಹೇಳುವುದು ಹೇಗೆ? ಸುಳ್ಳು ಹೇಳಿದ್ದಕ್ಕೆ ಡಾಕ್ಟರು ಏನಂದುಕೊಳ್ಳುತ್ತಾರೆ? ಕೆಟ್ಟ ಅಳತೆಗೋಲನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ಕುರ್ಚಿ ಹೋದರೆ ಅವಳು ಮತ್ತೆ ಪುಟ್ಟತಾಯಮ್ಮನ ಸೊಸೆ, ಇನ್ನೇನೂ ಅಲ್ಲ. ಆ ಯೋಚನೆಗೇ ಅವಳಿಗೆ ಅಳು ಬರುತ್ತಿತ್ತು. ಹಾಳಾಗಿ ಹೋಗಲಿ, ನನ್ನುಸಿರು ತಾನೆ, ಬೇರೆಯವರ ಮನೆಯದ್ದೇನೂ ಕದ್ದಿಲ್ಲವಲ್ಲ ಎಂದು ಸುಮ್ಮನಿದ್ದಳು.

ಕದ್ದಿದ್ದಳು ಎಂದು ತಿಳಿದದ್ದು ಎರಡು ಸಾವಿರದ ಆರರಲ್ಲಿ. ಜವರಪ್ಪನ ಹೆಂಡತಿ ತಿಮ್ಮಮ್ಮ ದೇವಿರಮ್ಮನ ಜೀವದ ಗೆಳತಿ. ಅವಳದೂ ಹೊಗೆ ಒಲೆ, ಜೊತೆಗೆ ಗಂಡನ ಬೀಡಿ. ನಾಲ್ಕು ಹೆಜ್ಜೆ ನಡೆದರೆ ಕೂರುತ್ತಿದ್ದಳು. ದೇವಿರಮ್ಮನೇ ಅವಳನ್ನು ಬಸ್ಸು ಹತ್ತಿಸಿ ಲ್ಯಾಬಿಗೆ ಕರೆತಂದು, ಬೈದು, ಊದಿಸಿದಳು. ಕಂಪ್ಯೂಟರು ಎಲ್ಲರಿಗೂ ಕೂಡಿಸುವಷ್ಟನ್ನು ತಿಮ್ಮಮ್ಮನಿಗೂ ಕೂಡಿಸಿತು.

"ಏನೂ ತೊಂದರೆ ಇಲ್ಲಮ್ಮ. ನಿಮ್ಮ ಶ್ವಾಸಕೋಶ ಚೆನ್ನಾಗಿದೆ, ಧೈರ್ಯವಾಗಿರಿ," ಎಂದರು ಡಾಕ್ಟರು ನಗುತ್ತ. ಔಷಧಿ ಬರೆಯಲಿಲ್ಲ.

ತಿಮ್ಮಮ್ಮ ಕೈಮುಗಿದಳು. ದೇವಿರಮ್ಮ ಕೊಳವೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದಳು.

ಮರುದಿನ ಬೆಳಗ್ಗೆ ಹಿನಕಲ್ಲಿನ ಓಣಿಯಲ್ಲಿ ತಿಮ್ಮಮ್ಮ ತುಂಬಿದ ಕೊಡ ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ತುಟಿ ನೇರಳೆ ಹಣ್ಣು ತಿಂದವರ ಹಾಗಾಗಿತ್ತು. ಜಗಲಿಯ ಮೇಲೆ ಕೂತ ಜವರಪ್ಪ ಬೀಡಿ ಹಚ್ಚುತ್ತ, "ಡಾಕ್ಟ್ರೇ ಸರಿಯಾಗವ್ಳೆ ಅಂದವ್ರೆ. ನಾಟ್ಕ ಆಡ್ಬ್ಯಾಡ, ಎದ್ದೇಳು," ಎಂದ.

ತಿಮ್ಮಮ್ಮ ತಲೆ ಎತ್ತಿ ದೇವಿರಮ್ಮನನ್ನು ನೋಡಿ ನಾಚಿಕೊಂಡು ನಕ್ಕಳು. "ಹೌದು ಕಣಕ್ಕ. ನಂಗೇನೂ ಇಲ್ವಂತಲ್ಲ. ಸುಮ್ನೆ ಸೋಮಾರಿತನ ಅನ್ಸುತ್ತೆ."

ದೇವಿರಮ್ಮ ಮೊದಲು ಜವರಪ್ಪನ ಬಾಯಿಂದ ಬೀಡಿ ಕಿತ್ತು ಮೋರಿಗೆ ಎಸೆದಳು. ಕೊಡವನ್ನು ಅವನ ಹೆಗಲಿಗೇ ಹೊರಿಸಿದಳು. ಆಮೇಲೆ ಸಿಕ್ಕ ಬಸ್ಸು ಹತ್ತಿ ಯಾದವಗಿರಿಗೆ ಬಂದು, ಚಪ್ಪಲಿಯ ನೆಪವಿಲ್ಲದೆ ಮೆಟ್ಟಿಲೆಲ್ಲ ಒಂದೇ ಸಲ ಹತ್ತಿದಳು. ಡಾಕ್ಟರ ಎದುರು ನಿಂತಾಗ ಮೈಸೂರಿಗೇ ಕೇಳುವ ಆ ಗಂಟಲಿನಲ್ಲಿ ಗಾಳಿಯೇ ಇರಲಿಲ್ಲ. ಮೇಜು ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತಳು. ಡಾಕ್ಟರು ಗಾಬರಿಯಾಗಿ ನೀರು ಕೊಟ್ಟರು.

"ಮಿಷನ್ ಸರಿಯಾಗದೆ ಸಾರ್," ಎಂದಳು ಕೊನೆಗೆ. "ಪಿಚಕಾರಿನೂ ಸರಿಯಾಗದೆ. ಕೆಟ್ಟಿರೋದು ನಾನು."

"ಏನ್ ಮಾತಾಡ್ತೀರಿ? ನಿಮ್ಮ ಮನೇಲಿ ಗ್ಯಾಸ್ ಅಲ್ವಾ?"

"ಅದೆ ಸಾರ್. ಬಟ್ಟೆ ಹೊದ್ಕಂಡು ಕೂತದೆ. ಉರಿಯೋದು ಸೌದೆ. ನನ್ ಮಾತ್ ನಂಬಿ ನೀವು ಕೂಡಿಸ್ಕೊಂಡ್ ಬಂದ್ರಿ, ನಾನು ಬಾಯ್ ಮುಚ್ಕೊಂಡ್ ಕೂತ್ಬುಟ್ಟೆ. ನಮ್ ತಿಮ್ಮಮ್ಮ ಸರಿಯಾಗಿಲ್ಲ ಸಾರ್. ಅವ್ಳು ಸತ್ತೋಗ್ತಾಳೆ. ನನ್ನ ಆಚೆಗಾದ್ರೂ ಹಾಕಿ, ಅವ್ಳಿಗೆ ಔಷ್ದಿ ಕೊಡಿ."

ಡಾಕ್ಟರು ಎದ್ದು ಹೋಗಿ ಕಂಪ್ಯೂಟರಿನಲ್ಲಿ ಕೂಡಿಸಿದ್ದನ್ನೆಲ್ಲ ತೆಗೆದರು. ಬೀರುವಿನ ಮೇಲಿನ ಪಿಚಕಾರಿ ಇಳಿಸಿ, ಧೂಳು ಒರೆಸಿ, ಒತ್ತಿದರು. ಮೂರು ಲೀಟರ್. ಕುರ್ಚಿ ತೋರಿಸಿದರು. ದೇವಿರಮ್ಮ ಕೂತಳು.

ಈಗ ಅವಳನ್ನು ಊದಿಸುವವರು ಯಾರು? ಇಷ್ಟು ವರ್ಷ ತನ್ನನ್ನು ತಾನೇ ಊದಿಸಿಕೊಂಡವಳು ಅವಳು. ಮಧುಶ್ರೀ, "ಊದಿ ಅಮ್ಮ, ಪ್ಲೀಸ್," ಎಂದಳು. ದೇವಿರಮ್ಮ ಅರ್ಧ ಊದಿ, ಅಂಕಿಗೆ ಹೆದರಿ ನಿಲ್ಲಿಸಿದಳು. ಮತ್ತೆ ಅರ್ಧಕ್ಕೇ ನಿಲ್ಲಿಸಿದಳು. ಆಗ ನಾಯಿಗೂ ಬಹುವಚನ ಕೊಡುವ ಸಿದ್ದಲಿಂಗಸ್ವಾಮಿಯವರು ಮೇಜು ಗುದ್ದಿ ಕಿರುಚಿದರು.

"ಊದೇ! ಊದು! ಯಾರಿಗೆ ಬಚ್ಚಿಡ್ತೀಯ, ಊದು!"

ಹೊರಗೆ ಬೆಂಚಿನಲ್ಲಿದ್ದ ರೋಗಿಗಳು ಎದ್ದು ನಿಂತರು. ದೇವಿರಮ್ಮನ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು, ಆದರೆ ಎದೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಇದ್ದದ್ದೇ ಅಷ್ಟು. ಒಂದು ಕಾಲದ ಅರ್ಧಕ್ಕಿಂತ ತುಸು ಹೆಚ್ಚು.

ಡಾಕ್ಟರು ಕೆಲಸದಿಂದ ತೆಗೆಯಲಿಲ್ಲ. "ತಪ್ಪು ನಂದೂ ಇದೆ. ಪಿಚಕಾರಿ ಸತ್ಯ ಹೇಳ್ತಿತ್ತು, ನಾನೇ ಕೇಳಲಿಲ್ಲ," ಎಂದರು. ಊದಿಸುವ ಕುರ್ಚಿ ಅವಳಿಗೇ ಉಳಿಯಿತು. ಅಳತೆಗೋಲಿನ ಪದವಿ ಮಧುಶ್ರೀಗೆ ಹೋಯಿತು, ಅವಳ ಅಡುಗೆಮನೆಯನ್ನು ಡಾಕ್ಟರೇ ಹೋಗಿ ನೋಡಿ ಬಂದ ಮೇಲೆ! ಚೆನ್ನಾಗಿದ್ದೀರಿ ಎಂದು ಕಳಿಸಿದವರನ್ನೆಲ್ಲ ಮತ್ತೆ ಕರೆತರುವ ಕೆಲಸ ದೇವಿರಮ್ಮನದಾಯಿತು. ಮೊದಲು ಬಂದವಳು ತಿಮ್ಮಮ್ಮ. ಈ ಸಲ ಔಷಧಿ ಸಿಕ್ಕಿತು, ಇನ್‌ಹೇಲರ್ ಸಿಕ್ಕಿತು. ಕೊಡ ಜವರಪ್ಪನ ಹೆಗಲಲ್ಲೇ ಉಳಿಯಿತು.

ಇನ್ನು ಹಿತ್ತಲು. ಆ ಸಂಜೆಯೇ ದೇವಿರಮ್ಮ ಕಸೂತಿ ಬಟ್ಟೆ ಕಿತ್ತೆಸೆದು, ಒಲೆಯ ಕುಂಕುಮ ಒರೆಸಿ, ಗ್ಯಾಸ್ ಹಚ್ಚಿ ಮುದ್ದೆ ತೊಳಸಿದಳು. ಜಗಲಿಯಲ್ಲಿ ಕೂತಿದ್ದ ಪುಟ್ಟತಾಯಮ್ಮನಿಗೆ ಅಲ್ಲಿಗೇ ತಟ್ಟೆ ಒಯ್ದು, ಏನೂ ಹೇಳದೆ ಬಡಿಸಿದಳು. ಮುದುಕಿ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಕಣ್ಣು ಮುಚ್ಚಿ ತಲೆದೂಗಿದಳು.

"ನೋಡ್ದಾ? ಸೌದೆ ಒಲೆ ಮುದ್ದೆ ಅಂದ್ರೆ ಇದು."

"ಅದು ಗ್ಯಾಸಿಂದು ಅತ್ತೆ," ಎಂದಳು ದೇವಿರಮ್ಮ.

ಪುಟ್ಟತಾಯಮ್ಮನ ಕೈ ನಿಂತಿತು. ತಟ್ಟೆ ನೋಡಿದಳು, ಬಾಗಿಲೊಳಗೆ ಇಣುಕಿ ಮೇಜಿನ ಮೇಲಿನ ಒಲೆ ನೋಡಿದಳು, ಸೊಸೆಯ ಮುಖ ನೋಡಿದಳು. ಇನ್ನೊಂದು ತುತ್ತು ಮುರಿದಳು.

"ಅಂಗಾರೆ ಇಷ್ಟ್ ವರ್ಸ ಯಾಕಮ್ಮಿ ಸುಮ್ನೆ ಹೊಗೆ ಕುಡ್ದೆ?"

ಇಡೀ ಮೈಸೂರನ್ನು ಊದಿಸಿದ ದೇವಿರಮ್ಮ ಒಳಗೆ ಹೋಗಿ ಇನ್ನೊಂದು ಮುದ್ದೆ ತಂದು ಅತ್ತೆಯ ತಟ್ಟೆಗೆ ಧೊಪ್ಪನೆ ಹಾಕಿದಳು.